ಅಣಕು ನ್ಯಾಯಮೂರ್ತಿ ವಿಚಾರಣೆ: ಅಭ್ಯರ್ಥಿಯ ನಡತೆಗೆ ಅಂಕ ಹಾಕುವುದು ಹೇಗೆ?

ಸಯ್ಯಾಜಿರಾವ್ ರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾಲ್ಕನೇ ವರ್ಷದ ಕಾನೂನು ಓದುತ್ತಿರುವ ಆರು ಜನ ನಾವು. ಅಮೆರಿಕದ ಸೆನೆಟ್ ಸಮಿತಿಯ ಮಾದರಿಯಲ್ಲಿ ಒಂದು ಅಣಕು ವಿಚಾರಣೆ ನಡೆಸಬೇಕು (ಅಲ್ಲಿ ಅಧ್ಯಕ್ಷರು ಹೆಸರಿಸಿದ ನ್ಯಾಯಮೂರ್ತಿಯನ್ನು ಸಮಿತಿ ಪ್ರಶ್ನಿಸುತ್ತದೆ, ಆಮೇಲೆ ಇಡೀ ಸೆನೆಟ್ ಮತ ಹಾಕುತ್ತದೆ). ಸುಪ್ರೀಂ ಕೋರ್ಟಿಗೆ ಹೆಸರು ಹೋಗಿರುವ ಒಬ್ಬ ಕಾಲ್ಪನಿಕ ಹೈಕೋರ್ಟ್ ನ್ಯಾಯಮೂರ್ತಿ, ಪ್ರಶ್ನೆ ಕೇಳಲು ಐವರ ಸಮಿತಿ, ಒಟ್ಟು ಎರಡು ಗಂಟೆ. ತೀರ್ಪುಗಾರರ ಕೈಗೆ 100 ಅಂಕದ ಪಟ್ಟಿ: ಕಾನೂನು ಜ್ಞಾನ 40, ಶೀಲ 30, ವಿಚಾರಣೆಯಲ್ಲಿನ ವರ್ತನೆ 30.

ಕಾನೂನಿನ 40ಕ್ಕೆ ತೊಂದರೆ ಇಲ್ಲ. ಉಳಿದ 60 ಅಂಕವೇ ತಲೆನೋವು. ತಾಲೀಮಿನಲ್ಲಿ ಎಲ್ಲರೂ "ನಿಮ್ಮ ಜೀವನದ ಮೌಲ್ಯಗಳೇನು?" ಅಂತ ಕೇಳಿದರು, ಅಭ್ಯರ್ಥಿ ಎಲ್ಲದಕ್ಕೂ ಸಂವಿಧಾನದ ಪ್ರಸ್ತಾವನೆ ಒಪ್ಪಿಸಿದಳು, ವರ್ತನೆಗೆ 28 ಅಂಕ ಬಂತು! ಏನನ್ನು ನೋಡಿ ಅಂಕ ಕೊಡಬೇಕು? ಕೊನೇ ಗಳಿಗೆಯಲ್ಲಿ ಯಾರಾದರೂ ಆರೋಪ ತಂದರೆ ಅದನ್ನು ಹೇಗೆ ತೂಗಬೇಕು? ಅಭ್ಯರ್ಥಿ ಸಿಟ್ಟಾದರೆ ಅಂಕ ಕಳೆಯಬೇಕೇ?

ಲಕ್ಷ್ಮೀಪುರಂ ಮೇಷ್ಟ್ರು

ಮೊದಲು ವರ್ತನೆಯ ಆ 30 ಅಂಕವನ್ನು 10ಕ್ಕೆ ಇಳಿಸಿ. ಕ್ಯಾಮೆರಾ ಮುಂದೆ ನಗುಮುಖ ಇಟ್ಟುಕೊಂಡು ಕೂರುವುದು ಅಭ್ಯಾಸಬಲ. ಅಲ್ಲಿ ಹೆಸರು ಪ್ರಕಟವಾದ ಕೂಡಲೇ ಅಭ್ಯರ್ಥಿಯನ್ನು ಬಾಗಿಲು ಹಾಕಿಕೊಂಡು ತಾಲೀಮು ಮಾಡಿಸುತ್ತಾರೆ. ವಕೀಲರು ಸೆನೆಟರುಗಳ ವೇಷದಲ್ಲಿ ಕೂತು ಬೆವರಿಳಿಸುತ್ತಾರೆ. ಆ ತಾಲೀಮಿಗೆ 'ಮರ್ಡರ್ ಬೋರ್ಡ್' ಅಂತ ಹೆಸರೇ ಇದೆ. ನಿಮ್ಮ ತೀರ್ಪುಗಾರರು 28 ಅಂಕ ಕೊಟ್ಟದ್ದು ತಾಲೀಮಿಗೆ, ಶೀಲಕ್ಕಲ್ಲ.

ಅಭ್ಯರ್ಥಿ ಎದುರಿಗೆ ಕೂರಲೇಬೇಕು ಅಂತೇನೂ ಹಿಂದೆ ಇರಲಿಲ್ಲ. 1916ರಲ್ಲಿ ಲೂಯಿ ಬ್ರಾಂಡೈಸ್ ಹೆಸರು ಬಂದಾಗ ಸಮಿತಿ ಮೊದಲ ಸಲ ಬಹಿರಂಗ ವಿಚಾರಣೆ ನಡೆಸಿತು. ವಕೀಲಿಕೆಯಲ್ಲಿ ಎರಡೂ ಕಡೆಯವರ ಹಿತ ನೋಡಲು ಹೋಗಿ ವೃತ್ತಿಧರ್ಮ ಮೀರಿದರು ಎಂಬುದು ಅವರ ಮೇಲಿದ್ದ ದೊಡ್ಡ ದೂರು. ಸಾಕ್ಷಿಗಳು ಬಂದು ಹೋದರು, ಹಳೇ ಕಡತಗಳು ಹೊರಬಂದವು, ಬ್ರಾಂಡೈಸ್ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಜನವರಿ 28ಕ್ಕೆ ಶುರುವಾದದ್ದು ಜೂನ್ 1ಕ್ಕೆ 47–22 ಮತದಿಂದ ಮುಗಿಯಿತು. ಖುದ್ದಾಗಿ ಬಂದು ಉತ್ತರ ಕೊಟ್ಟ ಮೊದಲಿಗರು 1925ರಲ್ಲಿ ಹಾರ್ಲನ್ ಸ್ಟೋನ್. ಎಲ್ಲರೂ ಬರಲೇಬೇಕು ಎಂಬ ರೂಢಿ ಬಿದ್ದದ್ದು 1955ರಿಂದೀಚೆಗೆ. ಇದನ್ನು ಹೇಳುವುದು ಯಾಕೆಂದರೆ, ಶೀಲ ಇರುವುದು ಕಡತದಲ್ಲಿ. ಅಭ್ಯರ್ಥಿಯ ಬಾಯಿಮಾತು ಆ ಕಡತಕ್ಕೆ ತಾಳೆಯಾಗುತ್ತದೋ ಇಲ್ಲವೋ ನೋಡುವ ಜಾಗ ವಿಚಾರಣೆ.

ಮೂರು ಉದಾಹರಣೆ ಕೊಡುತ್ತೇನೆ. ನಿಮ್ಮ ಕಾಲ್ಪನಿಕ ಅಭ್ಯರ್ಥಿಯನ್ನು ಇವುಗಳ ಮೇಲೆಯೇ ಕಟ್ಟಬಹುದು.

1968. ಏಬ್ ಫೋರ್ಟಸ್ ಆಗಲೇ ಸುಪ್ರೀಂ ಕೋರ್ಟಿನಲ್ಲಿದ್ದರು, ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಹೆಸರು ಬಂತು. ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ಉಪನ್ಯಾಸಗಳಿಗೆ 15,000 ಡಾಲರ್ ಪಡೆದದ್ದು ಬೆಳಕಿಗೆ ಬಂತು. ಪಾಠ ಹೇಳಿ ಸಂಭಾವನೆ ಪಡೆದರೆ ತಪ್ಪೇನು ಅನ್ನಬಹುದು. ಆದರೆ ಆಗ ನ್ಯಾಯಮೂರ್ತಿಯ ವರ್ಷದ ಸಂಬಳವೇ 39,500 ಡಾಲರ್. ಹಣ ವಿಶ್ವವಿದ್ಯಾಲಯದ ಬೊಕ್ಕಸದ್ದಲ್ಲ, ಅವರ ಹಳೇ ಕಚೇರಿಯ ಪಾಲುದಾರರು ವ್ಯಾಪಾರಸ್ಥರಿಂದ ಎತ್ತಿ ತಂದದ್ದು. ಆ ವ್ಯಾಪಾರಸ್ಥರ ವ್ಯಾಜ್ಯ ನಾಳೆ ಅದೇ ಕೋರ್ಟಿಗೆ ಬರಬಹುದು. ನೋಡಿ, ಇದು ಗೊತ್ತಾದದ್ದು ಫೋರ್ಟಸ್ ಬಾಯಿಂದಲ್ಲ. ವಿಚಾರಣೆಯ ಎರಡನೇ ಸುತ್ತಿನಲ್ಲಿ ಆ ಕಾನೂನು ಶಾಲೆಯ ಡೀನ್ ಹೇಳಿಕೆಯಿಂದ. ಕೊಟ್ಟವರ ಲೆಕ್ಕದ ಪುಸ್ತಕದ ಕಡೆಯಿಂದ ಹುಡುಕಿದರೆ ಸಿಗುವುದು, ಪಡೆದವರ ಆತ್ಮಕಥೆಯಲ್ಲಿ ಸಿಗುವುದಿಲ್ಲ.

1969. ಕ್ಲೆಮೆಂಟ್ ಹೇನ್ಸ್‌ವರ್ತ್. ತಿಂಡಿ-ಪಾನೀಯದ ಯಂತ್ರಗಳನ್ನು ಕಾರ್ಖಾನೆಗಳಲ್ಲಿ ಇಡುವ ಒಂದು ಕಂಪನಿಯಲ್ಲಿ ಅವರಿಗೆ ಪಾಲು ಇತ್ತು. ಆ ಕಂಪನಿಯ ಗಿರಾಕಿಯಾಗಿದ್ದ ಜವಳಿ ಸಂಸ್ಥೆಯ ಕಾರ್ಮಿಕ ವ್ಯಾಜ್ಯವನ್ನು ಇವರೇ ಕೇಳಿದರು. ಲಂಚ ಮುಟ್ಟಿದರು ಅಂತ ಯಾರೂ ಹೇಳಲಿಲ್ಲ. ಆಗಿನ ನಿಯಮ ಎಷ್ಟು ಆಸಕ್ತಿ ಇದ್ದರೆ ಹಿಂದೆ ಸರಿಯಬೇಕು ಎನ್ನುವುದನ್ನು ಬಹುಮಟ್ಟಿಗೆ ನ್ಯಾಯಾಧೀಶರ ವಿವೇಚನೆಗೇ ಬಿಟ್ಟಿತ್ತು. ಆದರೂ 45–55ರಲ್ಲಿ ಸೋತರು, ನೇಮಕ ಮಾಡಿದ ಅಧ್ಯಕ್ಷರ ಪಕ್ಷದ 17 ಮಂದಿಯೇ ವಿರುದ್ಧ ಮತ ಹಾಕಿದರು. 1974ರಲ್ಲಿ ಕಾನೂನೇ ಬದಲಾಗಿ, ಎಷ್ಟೇ ಚಿಕ್ಕದಾದರೂ ಹಣಕಾಸಿನ ಪಾಲು ಇದ್ದರೆ ಪ್ರಕರಣ ಬಿಡಬೇಕು ಅಂತಾಯಿತು.

1970. ಹೆರಾಲ್ಡ್ ಕಾರ್ಸ್‌ವೆಲ್. ಟ್ಯಾಲಹ್ಯಾಸಿಯ ಸಾರ್ವಜನಿಕ ಗಾಲ್ಫ್ ಮೈದಾನದಲ್ಲಿ ಕರಿಯರಿಗೂ ಪ್ರವೇಶ ಕೊಡಬೇಕಾಗುತ್ತದೆ ಅನ್ನುವ ಹೊತ್ತಿಗೆ, 1956ರಲ್ಲಿ, ಅದನ್ನು ಖಾಸಗಿ ಕ್ಲಬ್ಬಿಗೆ ವಹಿಸಲಾಯಿತು. ಕ್ಲಬ್ಬಿನ ಸ್ಥಾಪನಾ ಪತ್ರದಲ್ಲಿ ಕಾರ್ಸ್‌ವೆಲ್ ಸಹಿ ಇತ್ತು. ವಿಚಾರಣೆಯ ಹಿಂದಿನ ರಾತ್ರಿ ವಕೀಲರ ಸಂಘದ ಇಬ್ಬರು ಹೋಟೆಲಿಗೇ ಹೋಗಿ ಆ ಪತ್ರವನ್ನು ಅವರಿಗೆ ತೋರಿಸಿದ್ದರು. ಮರುದಿನ ಸಮಿತಿಯ ಮುಂದೆ ತಾವು ಸ್ಥಾಪಕರಲ್ಲ, ಸರಿಯಾಗಿ ನೆನಪಿಲ್ಲ ಎಂಬ ಧಾಟಿಯ ಉತ್ತರ. 14 ವರ್ಷದ ಹಿಂದಿನ ಸಹಿಗಿಂತ 14 ಗಂಟೆಯ ಹಿಂದೆ ಓದಿದ ಕಾಗದ ಮರೆತದ್ದೇ ಹೆಚ್ಚು ಕುತ್ತಾಯಿತು. 45–51ರಲ್ಲಿ ಸೋತರು.

ಈಗ ನಿಮ್ಮ ಕೆಲಸ. ಸುಮಾರು 12 ಪುಟದ ಕಡತ ತಯಾರಿಸಿ: ಅಭ್ಯರ್ಥಿ ತುಂಬಿ ಸಹಿ ಮಾಡಿದ ಪ್ರಶ್ನಾವಳಿ, ಐದು ವರ್ಷದ ಆಸ್ತಿ-ಸಾಲದ ಪಟ್ಟಿ, ಕಕ್ಷಿದಾರರ ಹೆಸರು ಕಾಣುವಂತೆ ನಾಲ್ಕು ತೀರ್ಪಿನ ಮೊದಲ ಪುಟ, ಎರಡು ಭಾಷಣದ ವರದಿ, ಒಂದು ಗೃಹ ನಿರ್ಮಾಣ ಸಹಕಾರ ಸಂಘದ ಸದಸ್ಯರ ಪಟ್ಟಿಯ ಪ್ರತಿ. ಒಳಗೆ ಮೂರು ಅಸಂಗತಿ ಬಚ್ಚಿಡಿ. ಒಂದು ಶುದ್ಧ ಕೈತಪ್ಪು, ಉದಾಹರಣೆಗೆ ಇಸವಿ ಒಂದು ವರ್ಷ ಆಚೀಚೆ. ಇನ್ನೊಂದು ಅಲಕ್ಷ್ಯ: ಹೆಂಡತಿಯ ಹೆಸರಿನಲ್ಲಿರುವ ಸಕ್ಕರೆ ಕಂಪನಿಯ 200 ಷೇರು ಪಟ್ಟಿಯಲ್ಲಿ ಬಿಟ್ಟುಹೋಗಿದೆ, ಆದರೆ ಆ ಕಂಪನಿಯ ಕೇಸು ಎಂದೂ ಇವರ ಮುಂದೆ ಬಂದಿಲ್ಲ. ಮೂರನೆಯದು ನಿಜವಾದದ್ದು: ತಮಗೇ ಸೈಟು ಕೊಟ್ಟ ಸಂಘದ ಪರವಾಗಿ ತೀರ್ಪು ಕೊಟ್ಟಿದ್ದಾರೆ, ಸೈಟಿನ ವಿಷಯ ಯಾರಿಗೂ ತಿಳಿಸಿಲ್ಲ.

ಸಮಿತಿ ಮೂರನ್ನೂ ಹುಡುಕಬೇಕು. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಸಮಿತಿಗೇ ಅಂಕ ಕಳೆಯಿರಿ. ಇಸವಿ ತಪ್ಪಿದ್ದಕ್ಕೆ "ನೀವು ದೇಶಕ್ಕೆ ಸುಳ್ಳು ಹೇಳಿದ್ದೀರಿ" ಅಂತ ಗುಡುಗುವ ಸದಸ್ಯ ಪ್ರತಿ ತಂಡದಲ್ಲೂ ಒಬ್ಬ ಇದ್ದೇ ಇರುತ್ತಾನೆ.

ಅಳತೆಗೋಲು ಬೇಕಾದರೆ ಅಮೆರಿಕದ ವಕೀಲರ ಸಂಘ 1953ರಿಂದ ನೋಡುತ್ತಿರುವುದು ಮೂರನ್ನು: ಪ್ರಾಮಾಣಿಕತೆ, ವೃತ್ತಿ ಸಾಮರ್ಥ್ಯ, ನ್ಯಾಯಾಧೀಶರಿಗೆ ತಕ್ಕ ಮನೋಧರ್ಮ. ರಾಜಕೀಯ ಒಲವು ಆ ಲೆಕ್ಕದಲ್ಲಿಲ್ಲ. ನಮ್ಮ ಮಗ್ಗುಲಿನದೇ ಬೇಕೆಂದರೆ 2001ರಲ್ಲಿ ಬೆಂಗಳೂರಿನಲ್ಲಿ ಕರಡು ಸಿದ್ಧವಾಗಿ 2002ರಲ್ಲಿ ಹೇಗ್‌ನಲ್ಲಿ ಅಂತಿಮಗೊಂಡ 'ಬೆಂಗಳೂರು ತತ್ವಗಳು' ಇವೆ: ಸ್ವಾತಂತ್ರ್ಯ, ನಿಷ್ಪಕ್ಷಪಾತ, ಪ್ರಾಮಾಣಿಕತೆ, ಔಚಿತ್ಯ, ಸಮಾನತೆ, ಸಾಮರ್ಥ್ಯ ಮತ್ತು ಶ್ರದ್ಧೆ. ಜಗತ್ತೆಲ್ಲ ಬೆಂಗಳೂರಿನ ಹೆಸರು ಹೇಳಿ ಇದನ್ನು ಬಳಸುತ್ತದೆ, ಬೆಂಗಳೂರು-ಮೈಸೂರಿನ ಅಣಕು ಕೋರ್ಟುಗಳಲ್ಲಿ ಇದರ ಸುದ್ದಿಯೇ ಇಲ್ಲ.

ಕಲ್ಲಹಳ್ಳಿ ಲಾಯರ್, ಮಂಡ್ಯ

ಮೇಷ್ಟ್ರು ಕಡತ ಹೇಳಿದರು, ನಾನು ಪ್ರಶ್ನೆ ಹೇಳುತ್ತೇನೆ. "ನೀವು ಪ್ರಾಮಾಣಿಕರೇ?" ಅಂತ ಕೇಳಿ "ಹೌದು" ಅನ್ನಿಸಿಕೊಳ್ಳುವುದು ಗಡಿಯಾರಕ್ಕೆ ದಂಡ. ನಡತೆಯ ಪ್ರಶ್ನೆಗೆ ದಿನಾಂಕ, ಕಾಗದ, ಕ್ರಿಯೆ ಮೂರೂ ಇರಬೇಕು. ಮೇಷ್ಟ್ರ ಸೈಟನ್ನೇ ಹಿಡಿಯಿರಿ:

– 14ನೇ ಉತ್ತರದ ಕೆಳಗಿನ ಸಹಿ ನಿಮ್ಮದೇ?
– ನನ್ನದೇ.
– ಬರೆಯುವ ಮುಂಚೆ ಸಂಘದ ಕಾಗದಪತ್ರ ತೆಗೆದು ನೋಡಿದಿರಾ, ನೆನಪಿನಿಂದ ಬರೆದಿರಾ?
– ನೆನಪಿನಿಂದ.
– ಸಂಘದ ಪರವಾಗಿ ತೀರ್ಪು ಕೊಟ್ಟ ದಿನ ಸೈಟು ನಿಮ್ಮ ಹೆಸರಿನಲ್ಲಿತ್ತೇ?
– ಇತ್ತು.
– ಎದುರು ಪಕ್ಷದ ವಕೀಲರಿಗೆ ಅದು ಗೊತ್ತಿತ್ತೇ?
– ನಾನು ಹೇಳಲಿಲ್ಲ.

ಕೋರ್ಟಿನ ಪಾಟೀಸವಾಲಾಗಿದ್ದರೆ ಇಲ್ಲಿಗೆ ಕೂತುಬಿಡಬೇಕು. "ಯಾಕೆ ಹೇಳಲಿಲ್ಲ" ಅಂತ ಕೇಳಿದರೆ ಸಾಕ್ಷಿ ತಪ್ಪಿಸಿಕೊಳ್ಳಲು ನೀವೇ ಬಾಗಿಲು ತೆಗೆದ ಹಾಗೆ. ಆದರೆ ಇದು ಗೆಲ್ಲುವ ಪಾಟೀಸವಾಲಲ್ಲ, ತಿಳಿದುಕೊಳ್ಳುವ ವಿಚಾರಣೆ. ಇಲ್ಲಿ "ಯಾಕೆ" ಕೇಳಲೇಬೇಕು, ಉತ್ತರ ಮುಗಿಯುವವರೆಗೂ ಬಾಯಿ ಮುಚ್ಚಿಕೊಂಡಿರಬೇಕು. "ನನಗೆ ಹೊಳೆಯಲೇ ಇಲ್ಲ, ತಪ್ಪಾಯಿತು, ಆಮೇಲೆ ಸಂಘದ ಎರಡು ಕೇಸು ಬಿಟ್ಟುಕೊಟ್ಟೆ, ಆದೇಶದ ಪ್ರತಿ ಇಲ್ಲಿದೆ" ಎನ್ನುವವರೂ, "ಅಂಥಾ ಸೈಟು ನೂರಾರು ಜನಕ್ಕಿದೆ" ಎನ್ನುವವರೂ ಒಂದೇ ಅಲ್ಲ. ಶೀಲದ ಅರ್ಧ ಅಂಕ ಈ ಒಂದು ಉತ್ತರದಲ್ಲಿದೆ. ಆಲೆಮನೆಯಲ್ಲಿ ಕೊಪ್ಪರಿಗೆ ಎಷ್ಟು ಕುದಿಯುತ್ತಿದೆ ಅಂತ ಯಾರೂ ಹದ ಹೇಳುವುದಿಲ್ಲ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತದಾ ನೋಡುತ್ತಾರೆ. ಈ "ಯಾಕೆ" ಆ ತಣ್ಣೀರು.

ಸಮಯ ಹಂಚುವುದರಲ್ಲೇ ಹೆಚ್ಚಿನ ತಂಡಗಳು ಕೆಡುವುದು. ಐವರಿಗೂ ಐದೈದು ನಿಮಿಷದ ಸುತ್ತು ಇಟ್ಟುಕೊಳ್ಳಬೇಡಿ. 2018ರ ಸೆಪ್ಟೆಂಬರ್ 27ರಂದು ಬ್ರೆಟ್ ಕ್ಯಾವನಾ ವಿಚಾರಣೆಯಲ್ಲಿ ಆದದ್ದೇ ಅದು. ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಅವರನ್ನು ಪ್ರಶ್ನಿಸಲು ರಿಪಬ್ಲಿಕನ್ ಸದಸ್ಯರು ಅರಿಜೋನಾದ ಒಬ್ಬ ಅನುಭವಿ ಪ್ರಾಸಿಕ್ಯೂಟರ್‌ರನ್ನು ಕರೆಸಿದರು. ಆದರೆ ಅವರಿಗೆ ಸಿಕ್ಕಿದ್ದು ಐದೈದು ನಿಮಿಷದ ತುಂಡುಗಳು, ನಡುನಡುವೆ ಎದುರು ಪಕ್ಷದ ಸೆನೆಟರುಗಳ ಐದು ನಿಮಿಷ. ಪ್ರಶ್ನೆಯ ಎಳೆ ಕಟ್ಟುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಕ್ಯಾವನಾ ಸರದಿ ಬಂದಾಗ ಅರ್ಧದಲ್ಲೇ ಪ್ರಾಸಿಕ್ಯೂಟರ್‌ರನ್ನು ಬದಿಗಿಟ್ಟು ಸೆನೆಟರುಗಳೇ ಮಾತಾಡಿಕೊಂಡರು. ಪ್ರಶ್ನೆ ಹೋಗಿ ಭಾಷಣ ಉಳಿಯಿತು.

ನಿಮ್ಮ 120 ನಿಮಿಷ ಹೀಗೆ ಕತ್ತರಿಸಿ: ಅಭ್ಯರ್ಥಿಯ ಆರಂಭದ ಮಾತಿಗೆ 8, ನಡತೆಯ ಪ್ರಶ್ನೆಗೆ ಒಬ್ಬರೇ ಸದಸ್ಯರಿಗೆ ಒಂದೇ ಬಿಗಿಯಲ್ಲಿ 30, ಉಳಿದ ನಾಲ್ವರಿಗೆ 12ರಂತೆ 48, ಬಿಟ್ಟುಹೋದದ್ದನ್ನು ಮತ್ತೆ ಹಿಡಿಯಲು 14, ಕೊನೆಯ 20 ಬಾಗಿಲು ಮುಚ್ಚಿದ ಬೈಠಕ್ಕಿಗೆ. ಆ 30ರಲ್ಲಿ ಬೇರೆ ಸದಸ್ಯರು ಬಾಯಿ ಹಾಕಕೂಡದು. ಅವರಿಗೆ ಪ್ರಶ್ನೆ ಹೊಳೆದರೆ ಚೀಟಿ ಬರೆದು ಸರಿಸಲಿ.

ಇನ್ನೊಂದು, ಉತ್ತರ ಕೊಡಲು ಒಪ್ಪದಿದ್ದರೆ ಏನು ಮಾಡುವುದು. 1993ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಮುಂದೆ ಕೋರ್ಟಿಗೆ ಬರಬಹುದಾದ ವಿಷಯದಲ್ಲಿ ಸುಳಿವು ಕೊಡುವುದಿಲ್ಲ ಅಂದರು, 96–3ರಲ್ಲಿ ಗೆದ್ದರು. ಅಲ್ಲಿಂದೀಚೆಗೆ ಬಂದವರೆಲ್ಲ ಅದನ್ನೇ ಕೊಡೆಯ ಹಾಗೆ ಹಿಡಿದು ನಡೆಯುತ್ತಾರೆ. "ಮೀಸಲಾತಿ ಕೇಸಿನಲ್ಲಿ ಯಾವ ಕಡೆ ತೀರ್ಪು ಕೊಡುತ್ತೀರಿ?" ಎಂದಾಗ ಹೇಳುವುದಿಲ್ಲ ಎನ್ನುವುದು ಸರಿ, ಹೇಳಿಬಿಟ್ಟರೆ ಅದಕ್ಕೇ ಅಂಕ ಕಳೆಯಬೇಕು, ಕೇಸು ಕೇಳುವ ಮುಂಚೆ ತೀರ್ಪು ಮಾರಿದ ಹಾಗೆ. "ಆ ಷೇರು ಇತ್ತೇ, ಆ ವಕೀಲರು ನಿಮ್ಮ ಮನೆಗೆ ಬಂದಿದ್ದರೇ, ಈ ನೇಮಕದ ಬಗ್ಗೆ ಯಾವ ಮಂತ್ರಿಯ ಜೊತೆ ಮಾತಾಡಿದಿರಿ" ಎಂಬುದಕ್ಕೆ ಆ ಕೊಡೆ ನಡೆಯುವುದಿಲ್ಲ. ಆದದ್ದರ ಬಗ್ಗೆ ಉತ್ತರ ಬೇಕು, ಆಗಬೇಕಾದ್ದರ ಬಗ್ಗೆ ಬೇಡ. ಪ್ರಶ್ನೆ ಬರೆಯುವಾಗಲೇ ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ.

ಸಯ್ಯಾಜಿರಾವ್ ರಸ್ತೆ

ಸರ್, ತುಂಬಾ ಉಪಕಾರವಾಯಿತು. ಒಂದು ತೊಡಕು: ವಿಚಾರಣೆ ಅರ್ಧಕ್ಕೆ ಬಂದಾಗ ಒಂದು ಮುಚ್ಚಿದ ಲಕೋಟೆ ಕೊಡುತ್ತೇವೆ, ಅದರಲ್ಲಿ ಅಭ್ಯರ್ಥಿಯ ಮೇಲೆ ಹಳೇ ಆರೋಪ ಇರುತ್ತದೆ ಅಂತ ಆಯೋಜಕರು ಹೇಳಿದ್ದಾರೆ. ಹೆಸರಿಲ್ಲದ ಅರ್ಜಿಯೂ ಆಗಿರಬಹುದಂತೆ. ಒಡೆದು ಓದಿಬಿಡುವುದೇ? ಎಷ್ಟು ರುಜುವಾತು ಬೇಕು?

ಪಾಂಡವಪುರ ವಕೀಲೆ

ಓದಬೇಡಿ. ಅಂದರೆ ಸಭೆಯ ಮುಂದೆ ಓದಬೇಡಿ. ಅಧ್ಯಕ್ಷರು ಒಬ್ಬರೇ ಒಡೆದು ಮೊದಲು ಎರಡು ವಿಷಯ ನೋಡಲಿ: ಹೆಸರು-ಸಹಿ ಇದೆಯೇ, ಪರಿಶೀಲಿಸಬಹುದಾದ ಸಂಗತಿ ಇದೆಯೇ. ಸಹಿ ಇಲ್ಲ ಅಂದಮಾತ್ರಕ್ಕೆ ಮೂಗರ್ಜಿಯನ್ನು ಕಸಕ್ಕೆ ಹಾಕುವುದೂ ತಪ್ಪು, ಅದನ್ನೇ ಆಧಾರ ಮಾಡಿಕೊಳ್ಳುವುದೂ ತಪ್ಪು. "ಇವರು ಸರಿಯಿಲ್ಲ" ಅಂತ ಮಾತ್ರ ಇದ್ದರೆ ಕಡತದಲ್ಲಿಟ್ಟು ಮರೆತುಬಿಡಿ. "ಇಂಥ ವರ್ಷ, ಇಂಥ ನೋಂದಣಿ ಸಂಖ್ಯೆಯ ಕ್ರಯಪತ್ರ" ಅಂತ ಇದ್ದರೆ ಅರ್ಜಿದಾರ ಯಾರೆಂಬುದು ಬೇಕಿಲ್ಲ, ಕ್ರಯಪತ್ರ ತರಿಸಿದರೆ ಸಾಕು. ಅರ್ಜಿ ಮೂಗು ಮುಚ್ಚಿಕೊಂಡಿರಬಹುದು, ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕಕ್ಕೆ ಹೆಸರಿದೆ.

ಸಹಿ ಮಾಡಿದ ಆರೋಪ ಆದರೆ ಕ್ರಮ ಹೀಗೆ: ಪ್ರತಿಯನ್ನು ಅಭ್ಯರ್ಥಿಗೆ ಕೊಡಿ, ಓದಲು ಹೊತ್ತು ಕೊಡಿ (ನಿಮ್ಮಲ್ಲಿ 10 ನಿಮಿಷ ಸಾಕು), ಆರೋಪ ಮಾಡಿದವರ ಮಾತು ಮೊದಲು, ಅಭ್ಯರ್ಥಿಯ ಉತ್ತರ ಆಮೇಲೆ, ಅವರಿಬ್ಬರೂ ಹೆಸರಿಸಿದ ಮೂರನೆಯವರ ಮಾತು ಕೊನೆಗೆ. ಮೂರನೆಯವರನ್ನು ಬಿಡಲೇಬಾರದು. 1991ರಲ್ಲಿ ಎಡವಿದ್ದು ಹೆಚ್ಚೂಕಡಿಮೆ ಈ ಎಲ್ಲದರಲ್ಲೂ. ಕ್ಲಾರೆನ್ಸ್ ಥಾಮಸ್ ಹೆಸರಿನ ಮೇಲೆ ಸಮಿತಿ 7–7 ಆಗಿ ಶಿಫಾರಸೇ ಇಲ್ಲದೆ ಇಡೀ ಸೆನೆಟ್‌ಗೆ ಕಳಿಸಿತು. ಥಾಮಸ್ ಲೈಂಗಿಕ ಕಿರುಕುಳ ಕೊಟ್ಟರು ಅಂತ ಅನಿತಾ ಹಿಲ್ ಗುಟ್ಟಾಗಿ ಕೊಟ್ಟಿದ್ದ ಹೇಳಿಕೆ ಪತ್ರಕರ್ತರಿಗೆ ಸೋರಿತು, ಮತ ಮುಂದೂಡಿ ಅಕ್ಟೋಬರ್ 11ರಿಂದ 13ರವರೆಗೆ ವಿಚಾರಣೆ ಮತ್ತೆ ತೆರೆಯಿತು. ಮೊದಲು ಥಾಮಸ್, ಆಮೇಲೆ ಹಿಲ್, ಅದೇ ರಾತ್ರಿ ಮತ್ತೆ ಥಾಮಸ್. ಆರೋಪ ಕೇಳುವ ಮುಂಚೆಯೇ ನಿರಾಕರಣೆ, ಕೇಳಿದ ಮೇಲೆ ಇನ್ನೊಮ್ಮೆ. ಇನ್ನೊಬ್ಬ ಮಹಿಳೆ ಏಂಜೆಲಾ ರೈಟ್ ಅವರನ್ನು ಸಾಕ್ಷಿಕಟ್ಟೆಗೆ ಕರೆಯಲೇ ಇಲ್ಲ, ಅವರ ಸಂದರ್ಶನದ ಬರಹವನ್ನು ದಾಖಲೆಗೆ ಸೇರಿಸಿ ಕೈ ತೊಳೆದುಕೊಂಡರು. ಥಾಮಸ್ ಎಲ್ಲವನ್ನೂ ಅಲ್ಲಗಳೆದರು. 52–48 ಮತದಲ್ಲಿ ಗೆದ್ದರು. ಯಾರು ಸರಿ ಅಂತ ಇಂದಿಗೂ ಜಗಳ ಇರುವುದಕ್ಕೆ ಒಂದು ಕಾರಣ ಆ ಮೂರು ದಿನದ ಕ್ರಮವೇ. ಅದಾದ ಮೇಲೆ, ಆರೋಪ ಇರಲಿ ಬಿಡಲಿ, ಪ್ರತಿ ಅಭ್ಯರ್ಥಿಯ ಜೊತೆಗೂ ಒಂದು ಮುಚ್ಚಿದ ಬೈಠಕ್ ಇಡುವ ರೂಢಿ ಬಂತು. ಎಲ್ಲರಿಗೂ ಇರುವುದರಿಂದ ಬಾಗಿಲು ಮುಚ್ಚಿದ ಕೂಡಲೇ "ಏನೋ ಇದೆ" ಅಂತ ಹೊರಗಿನವರು ಊಹಿಸುವಂತಿಲ್ಲ. ಕಲ್ಲಹಳ್ಳಿ ಸರ್ ಇಟ್ಟ ಆ 20 ನಿಮಿಷ ಇದಕ್ಕೇ.

ರುಜುವಾತಿನ ಪ್ರಶ್ನೆ. ಕ್ರಿಮಿನಲ್ ಕೇಸಿನ ಸಂಶಯಾತೀತ ರುಜುವಾತನ್ನು ಇಲ್ಲಿ ಕೇಳುವವರು ಕೆಲಸದ ಸಂದರ್ಶನಕ್ಕೂ ಜೈಲಿಗೂ ವ್ಯತ್ಯಾಸ ಮರೆತಿರುತ್ತಾರೆ. ಹಾಗಂತ "ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ" ಎನ್ನುವುದೂ ಅಳತೆಯಲ್ಲ. 2018ರಲ್ಲಿ ಕ್ಯಾವನಾ ಪರ ಮತ ಹಾಕಿದ ಸೆನೆಟರ್ ಸೂಸನ್ ಕಾಲಿನ್ಸ್ ಸಂಶಯಾತೀತ ರುಜುವಾತು ಬೇಕಿಲ್ಲ, ಆದರೆ ಆಗಿರುವ ಸಾಧ್ಯತೆ ಆಗಿಲ್ಲದ ಸಾಧ್ಯತೆಗಿಂತ ಹೆಚ್ಚಿದೆ ಎಂದಾದರೂ ಕಾಣಬೇಕು ಅಂದರು. ನಮ್ಮ ಸಿವಿಲ್ ದಾವೆಯ ಅಳತೆಯೇ ಅದು. ಅವರ ಮತ ಒಪ್ಪಿ ಬಿಡಿ, ಅಳತೆಯನ್ನು ಬಾಯಿಬಿಟ್ಟು ಹೇಳಿದ್ದು ಒಳ್ಳೆಯದಾಯಿತು. ನಿಮ್ಮ ಸಮಿತಿಯೂ ಲಕೋಟೆ ಒಡೆಯುವ ಮುಂಚೆ ಯಾವ ಅಳತೆ ಅಂತ ಒಂದು ಸಾಲು ಬರೆದು ಎಲ್ಲರ ಸಹಿ ಹಾಕಿಸಿಡಲಿ. ಒಡೆದ ಮೇಲೆ ಅಳತೆ ಹುಡುಕಿದರೆ ಪ್ರತಿಯೊಬ್ಬರೂ ತಮಗೆ ಬೇಕಾದ ಗಜಕಡ್ಡಿ ತರುತ್ತಾರೆ.

ಅಮೆರಿಕದ್ದೇ ಯಾಕೆ, ನಮ್ಮಲ್ಲೂ ಪಾಠ ಇದೆ. 1981ರ ಎಸ್.ಪಿ. ಗುಪ್ತಾ ಪ್ರಕರಣ ಓದಿ. ಕಾಲೇಜಿನಲ್ಲಿ ಇದನ್ನು ಬರೀ 'ಮೊದಲ ನ್ಯಾಯಾಧೀಶರ ಪ್ರಕರಣ' ಅಂತ ನೇಮಕದ ಅಧಿಕಾರಕ್ಕೆ ಓದಿಸಿ ಮುಗಿಸುತ್ತಾರೆ. ಅದರ ಹೊಟ್ಟೆಯಲ್ಲಿ ಶೀಲದ ಪ್ರಶ್ನೆಯೇ ಇದೆ. ದೆಹಲಿ ಹೈಕೋರ್ಟಿನ ಹೆಚ್ಚುವರಿ ನ್ಯಾಯಮೂರ್ತಿ ಎಸ್.ಎನ್. ಕುಮಾರ್ ಅವರನ್ನು ಮುಂದುವರಿಸಬೇಕೇ ಎಂಬಲ್ಲಿ, ಪ್ರಾಮಾಣಿಕತೆಯ ಬಗ್ಗೆ ಬಾರಿನಲ್ಲಿ (ವಕೀಲರ ವಲಯದಲ್ಲಿ) ಅನುಮಾನದ ಮಾತಿದೆ ಅಂತ ಆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಬರೆದರು. ವಿಚಾರಿಸಿದ್ದೇನೆ, ಅಂಥದ್ದೇನೂ ಕಾಣಲಿಲ್ಲ ಅಂತ ಭಾರತದ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಬರೆದರು. (ವೈ.ವಿ. ಅವರು, ಡಿ.ವೈ. ಚಂದ್ರಚೂಡ್ ಅವರ ಅಪ್ಪ.) ಒಬ್ಬರೇ ಮನುಷ್ಯ, ಎರಡು ಉನ್ನತ ಸ್ಥಾನದ ಪತ್ರ, ಎರಡು ಉತ್ತರ. ಸರ್ಕಾರ ಮೊದಲನೆಯದನ್ನು ನಂಬಿತು, ಸುಪ್ರೀಂ ಕೋರ್ಟಿನ ಬಹುಮತ ಅದನ್ನು ಬದಲಿಸಲಿಲ್ಲ. ಆದರೆ ಆ ಪತ್ರ ವ್ಯವಹಾರವನ್ನು ಕೋರ್ಟು ಬಹಿರಂಗ ಮಾಡಿಸಿತು, ಅದರಿಂದಲೇ ನಾವಿಂದು ಇದನ್ನು ಓದುತ್ತಿದ್ದೇವೆ. ಆ ಏಳು ಜನರ ಪೀಠದಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಇ.ಎಸ್. ವೆಂಕಟರಾಮಯ್ಯನವರೂ ಇದ್ದರು, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. "ಬಾರಿನಲ್ಲಿ ಮಾತಿದೆ" ಎಂಬ ವಾಕ್ಯ ನಿಮ್ಮ ಲಕೋಟೆಯಲ್ಲೂ ಬಂದರೆ ಮೂರು ಪ್ರಶ್ನೆ ಹಾಕಿ: ಎಷ್ಟು ಜನ ಹೇಳಿದರು, ಅವರು ಕಣ್ಣಾರೆ ಕಂಡದ್ದೇ ಕೇಳಿದ್ದೇ, ಅವರಲ್ಲಿ ಈ ನ್ಯಾಯಮೂರ್ತಿಯ ಮುಂದೆ ಸೋತವರೆಷ್ಟು.

ಸಭಿಕರಿಗೆ ಪರಿಚಯದ ಕರಪತ್ರ ಕೊಡುವುದಾದರೆ ಒಂದು ಮಾತು ಸೇರಿಸಿ: ಭಾರತದಲ್ಲಿ ಇಂಥ ಬಹಿರಂಗ ವಿಚಾರಣೆ ಇಲ್ಲ. ಕೊಲಿಜಿಯಂ (ಹಿರಿಯ ನ್ಯಾಯಮೂರ್ತಿಗಳ ಕೂಟ) ಶಿಫಾರಸು, ಗುಪ್ತಚರ ದಳದ ವರದಿ, ಸರ್ಕಾರದ ಟಿಪ್ಪಣಿ, ಎಲ್ಲ ಕಡತದಲ್ಲೇ. ನೇಮಕವನ್ನು ಕೋರ್ಟಿನಲ್ಲಿ ಪ್ರಶ್ನಿಸಿದರೂ ಅರ್ಹತೆಯನ್ನು (ಸಂವಿಧಾನದ ಷರತ್ತು) ಮಾತ್ರ ನೋಡುತ್ತಾರೆ, ಯೋಗ್ಯತೆಯನ್ನಲ್ಲ (ಶೀಲ, ಸಾಮರ್ಥ್ಯ). 2009ರ ಮಹೇಶ್ ಚಂದ್ರ ಗುಪ್ತಾ ತೀರ್ಪು ಅದನ್ನೇ ಹೇಳಿತು. 1992ರಲ್ಲಿ ಗುವಾಹಟಿ ಹೈಕೋರ್ಟಿನ ಒಂದು ನೇಮಕ ರದ್ದಾದದ್ದು ಸಂವಿಧಾನ ಕೇಳುವ ನ್ಯಾಯಾಂಗ ಹುದ್ದೆಯ ಅನುಭವ ಇಲ್ಲ ಅಂತ. ಶೀಲವನ್ನು ಸಾರ್ವಜನಿಕರು ಕೇಳುವ ಕಿಟಕಿ ಇಲ್ಲಿ ಇಲ್ಲ. ಆದ್ದರಿಂದ ನಿಮ್ಮ ಅಭ್ಯರ್ಥಿ "ಸೆನೆಟರ್" ಅನ್ನುವುದೋ "ಮಾನ್ಯ ಸದಸ್ಯರೇ" ಅನ್ನುವುದೋ ಮೊದಲೇ ತೀರ್ಮಾನಿಸಿ, ಎರಡೂ ಕಲಸಬೇಡಿ.

ಯಾದವಗಿರಿ ಓದುಗ

ಮೇಷ್ಟ್ರು ವರ್ತನೆಗೆ 10 ಅಂದದ್ದು ನನಗೆ ಒಪ್ಪಿಗೆಯಿಲ್ಲ. ಅದೇ 2018ರ ಸೆಪ್ಟೆಂಬರ್ 27 ನೋಡಿ. ಕ್ಯಾವನಾ ಆರಂಭದ ಮಾತಿನಲ್ಲೇ ಸಿಟ್ಟಿನಿಂದ ಮಾತಾಡಿದರು, ಎದುರು ಪಕ್ಷದ ಮೇಲೆ ಹರಿಹಾಯ್ದರು. ಆಮೇಲೆ 2,400ಕ್ಕೂ ಹೆಚ್ಚು ಕಾನೂನು ಪ್ರಾಧ್ಯಾಪಕರು, ಆರೋಪದ ಸತ್ಯಾಸತ್ಯ ಪಕ್ಕಕ್ಕಿಟ್ಟು, ಈ ಮನೋಧರ್ಮ ನ್ಯಾಯಮೂರ್ತಿಗೆ ಸಲ್ಲದು ಅಂತ ಪತ್ರ ಬರೆದರು. ಕ್ಯಾವನಾ ಅವರೇ ಅಕ್ಟೋಬರ್ 4ರ ಪತ್ರಿಕಾ ಲೇಖನದಲ್ಲಿ ತಮ್ಮ ದನಿ ತೀಕ್ಷ್ಣವಾಗಿತ್ತು, ಕೆಲವು ಮಾತು ಆಡಬಾರದಿತ್ತು ಅಂತ ಒಪ್ಪಿಕೊಂಡರು. ಎರಡು ದಿನದಲ್ಲಿ 50–48ರಲ್ಲಿ ಗೆದ್ದದ್ದು ಬೇರೆ ಮಾತು. ಬೆಂಚಿನ ಮೇಲೆ ಕೂತವರ ಸಿಟ್ಟಿಗೆ ವಕೀಲರು, ಕಕ್ಷಿದಾರರು ಬಲಿಯಾಗುತ್ತಾರೆ ಸ್ವಾಮಿ. ಅದಕ್ಕೆ ಬರೀ ಹತ್ತೇ?

ಲಕ್ಷ್ಮೀಪುರಂ ಮೇಷ್ಟ್ರು

ಸಿಟ್ಟಿಗೆ ಅಂಕ ಕಳೆಯಬೇಡಿ ಅಂತ ನಾನು ಹೇಳಲಿಲ್ಲ. ಸುಳ್ಳು ಆರೋಪ ಬಿತ್ತು ಅಂತ ನಂಬಿದ ನಿರಪರಾಧಿಗೂ ಸಿಟ್ಟು ಬರುತ್ತದೆ, ಸಿಕ್ಕಿಬಿದ್ದವನಿಗೂ ಬರುತ್ತದೆ. ದನಿ ಏರಿದ್ದನ್ನು ನೋಡಿ ಯಾವುದು ಅಂತ ಹೇಳಲಾಗದು. ಸಿಟ್ಟು ಎಲ್ಲಿಗೆ ಹೋಯಿತು ನೋಡಿ. ಆರೋಪದ ಮೇಲೆ ಹೋದರೆ ಬಿಡಿ. ಪ್ರಶ್ನೆ ಕೇಳಿದವರ ಮೇಲೆ, ಅವರ ಪಕ್ಷದ ಮೇಲೆ ಹೋದರೆ ಕಳೆಯಿರಿ. ನಾಳೆ ಆ ಪಕ್ಷದ ವ್ಯಾಜ್ಯವನ್ನೂ ಇವರೇ ಕೇಳಬೇಕು. ನಿಮ್ಮ ಮಾತಿಗೆ ಬೆಲೆ ಕೊಟ್ಟು 15 ಮಾಡೋಣ. ಆದರೆ ಮನೋಧರ್ಮಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಅವರ ಕೋರ್ಟಿನಲ್ಲಿ ಸೋತ ವಕೀಲರು. ಗೆದ್ದವರನ್ನು ಕೇಳಿದರೆ ಎಲ್ಲ ನ್ಯಾಯಮೂರ್ತಿಯೂ ಧರ್ಮರಾಯನೇ. ಕಡತಕ್ಕೆ ಸೋತ ಮೂವರು ಕಾಲ್ಪನಿಕ ವಕೀಲರ ಅರ್ಧರ್ಧ ಪುಟದ ಹೇಳಿಕೆ ಸೇರಿಸಿ.

ಸಯ್ಯಾಜಿರಾವ್ ರಸ್ತೆ

ಎಲ್ಲ ಬರೆದುಕೊಂಡೆ. ಕೊನೆಯದೊಂದು. ನಮ್ಮ ಕಾಲ್ಪನಿಕ ನ್ಯಾಯಮೂರ್ತಿಯ ಹುಟ್ಟೂರು ಶ್ರೀರಂಗಪಟ್ಟಣದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಎರಡು ಎಕರೆ ಗದ್ದೆ ಅಂತ ಇಟ್ಟಿದ್ದೇವೆ. ಕಾವೇರಿ ಪ್ರಕರಣ ಬಂದರೆ ಅದು ಹಿತಾಸಕ್ತಿಯೇ?

ಕಲ್ಲಹಳ್ಳಿ ಲಾಯರ್, ಮಂಡ್ಯ

ಚೆನ್ನಾಗಿ ಹಾಕಿದಿರಿ ಗಂಟು. ಲಕ್ಷಾಂತರ ಜನಕ್ಕೆ ಸಮನಾಗಿರುವ ಹಿತವನ್ನು ಸಾಮಾನ್ಯವಾಗಿ ವೈಯಕ್ತಿಕ ಆಸಕ್ತಿ ಅನ್ನುವುದಿಲ್ಲ, ಇಲ್ಲದಿದ್ದರೆ ತೆರಿಗೆ ಕಟ್ಟುವ ಯಾವ ನ್ಯಾಯಾಧೀಶರೂ ತೆರಿಗೆ ಕೇಸು ಕೇಳುವಂತಿಲ್ಲ. ಆದರೆ ನಾಲೆಯ ನೀರು ಹರಿಯುವ ಗದ್ದೆ ಬೇರೆ. ನೀರಿನ ಪಾಲು ಹೆಚ್ಚು-ಕಡಿಮೆಯಾದರೆ ಆ ಎರಡು ಎಕರೆಯ ಬೆಳೆಗೆ, ಬೆಲೆಗೆ ನೇರ ಪೆಟ್ಟು. ನಮ್ಮ ಕಾನೂನಿನ ಪರೀಕ್ಷೆ 1987ರ ರಂಜಿತ್ ಠಾಕೂರ್ ತೀರ್ಪಿನಲ್ಲಿದೆ: ನ್ಯಾಯಾಧೀಶರು ತಮ್ಮ ಮನಸ್ಸನ್ನು ನೋಡಿಕೊಂಡು "ನನಗೆ ಪಕ್ಷಪಾತವಿಲ್ಲ" ಅಂದುಕೊಂಡರೆ ಸಾಲದು, ಎದುರಿಗೆ ನಿಂತ ಕಕ್ಷಿದಾರನ ಮನಸ್ಸಿಗೆ ಹೇಗೆ ಕಾಣುತ್ತದೆ ನೋಡಬೇಕು. ತಂಜಾವೂರಿನ ರೈತನ ಜಾಗದಲ್ಲಿ ನಿಂತು ಯೋಚಿಸಿ. 2018ರ ಫೆಬ್ರವರಿ 16ರಂದು ಕಾವೇರಿ ತೀರ್ಪು ಕೊಟ್ಟ ದೀಪಕ್ ಮಿಶ್ರಾ, ಅಮಿತಾವ ರಾಯ್, ಖಾನ್ವಿಲ್ಕರ್ ಮೂವರಲ್ಲಿ ಕರ್ನಾಟಕದವರೂ ಇರಲಿಲ್ಲ, ತಮಿಳುನಾಡಿನವರೂ ಇರಲಿಲ್ಲ.

ಗದ್ದೆಯನ್ನು ಪ್ರಶ್ನಾವಳಿಯಲ್ಲಿ "ಪಿತ್ರಾರ್ಜಿತ ಜಮೀನು" ಅಂತ ಮಾತ್ರ ಬರೆಯಿಸಿ, ಪಹಣಿಯನ್ನು ಕಡತದ ಕೊನೆಯ ಹಾಳೆಯಾಗಿ ಇಡಿ. ಪಹಣಿಯಲ್ಲಿ ನೀರಾವರಿ ಮೂಲದ ಕಾಲಂ ಇರುತ್ತದೆ, ಅಲ್ಲಿ 'ನಾಲೆ' ಅಂತ ಇರಲಿ. ಅದನ್ನು ಓದಿ ಪ್ರಶ್ನೆ ಕೇಳಿದ ಸದಸ್ಯನಿಗೆ ಐದು ಅಂಕ ಜಾಸ್ತಿ.